ಕುಟುಂಬ ದೊಡ್ಡದೋ, ಚಿಕ್ಕದೋ?

ನಾಲೆ ಬಂದು ಮಂಡ್ಯದ ಸುತ್ತ ಕಬ್ಬು ಹಬ್ಬುತ್ತಿದ್ದ ಕಾಲ. ಹಳೇ ವರದಿಗಳನ್ನೆಲ್ಲ ಓದಿ, ಸಂಶೋಧನೆಗೆಂದು ನಾನೊಂದು ಪ್ರಶ್ನೆ ಹೊಸೆದಿದ್ದೆ: ಕುಟುಂಬ ದೊಡ್ಡದಾದಷ್ಟೂ ರೈತ ಹೆಚ್ಚು ಕಬ್ಬು ಹಾಕುತ್ತಾನೆಯೇ? ಹೊಳಲು ಎಂಬ ಹಳ್ಳಿಯ ಮೊದಲ ಮನೆಯ ಜಗಲಿಯಲ್ಲಿ ಕೂತು ಮನೆಯ ಯಜಮಾನ ಗೌಡರನ್ನು ಕೇಳಿದೆ, "ನಿಮ್ಮ ಕುಟುಂಬ ದೊಡ್ಡದೋ, ಚಿಕ್ಕದೋ?"

ಗೌಡರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ದೊಡ್ಡದೇಯ ಸ್ವಾಮಿ. ಮೆಲ್ಲಗೆ ಮಾತಾಡಿ, ಒಳಗವ್ಳೆ."

ಹೆಂಡತಿಗೂ ಕುಟುಂಬ ಅನ್ನುತ್ತಾರೆಂದು ನನಗೆ ಹೊಳೆಯುವಷ್ಟರಲ್ಲಿ ಆಕೆ ಹೊಸ್ತಿಲಿಗೆ ಬಂದಾಗಿತ್ತು. "ನಾನು ದಪ್ಪಗಿದ್ರೆ ಸರ್ಕಾರಕ್ಕೇನು ಕಷ್ಟ?"

ಬೆವರುತ್ತಾ, "ಮನೇಲಿ ಉಣ್ಣೋರು ಎಷ್ಟು ಜನ ತಾಯಿ?" ಅಂದೆ.

"ಅಂಗೆ ಕೇಳಿ ಮತ್ತೆ! ಆರು ಜನ. ಇವತ್ತು ನಿಮ್ಮುನ್ನೂ ಸೇರ್ಸಿ ಏಳು. ಎದ್ದು ಕೈ ತೊಳ್ಕಳಿ" ಎಂದು ಆಕೆ ನಕ್ಕರು.

ಮುಂದಿನ ಊರುಗಳಲ್ಲೆಲ್ಲ ನಾನು ಉಣ್ಣುವವರು ಎಷ್ಟು ಜನ ಎಂದೇ ಕೇಳಿದೆ. ಮೈಸೂರಿಗೆ ಮರಳುವ ಹೊತ್ತಿಗೆ ನನ್ನ ಕೋಟಿನ ಗುಂಡಿ ಹಾಕಲು ಆಗುತ್ತಿರಲಿಲ್ಲ.