ಬಟ್ಟೆ ಒಣಹಾಕದ ಊರುಗಳು

ಮೊನ್ನೆ ಕಲಬುರಗಿಯ ಟ್ರಾವೆಲ್ಸ್‌ನವನು ನನ್ನ ಕೈಗೊಂದು ಚಿತ್ರದ ಪುಸ್ತಕ ಕೊಟ್ಟ. ನುಣುಪು ಕಾಗದ, ಹೊಸ ಶಾಯಿಯ ವಾಸನೆ. ನಾವು ನಾಲ್ವರು ನಿವೃತ್ತ ಶಿಕ್ಷಕಿಯರು ಕೂಡಿ ಜರ್ಮನಿಗೆ ಹೊರಟಿದ್ದೇವೆ. ಅಲ್ಲಿ ಕಾರು ಮಾಡಿಕೊಂಡು ತಿರುಗುವುದು, ದಾರಿಯಲ್ಲಿ ಮೂರು ಸಣ್ಣ ಊರುಗಳಲ್ಲಿ ಉಳಿಯುವುದು. "ಚಂದ ಚಂದ ಊರವ ಮೇಡಂ, ಯಾವ್ ಬೇಕೋ ಆರಿಸ್ರಿ" ಅಂದ. ಪುಸ್ತಕ ತೆರೆದೆ. ಆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅದರ ಹಿಂದೆಯೇ ಗ್ರೀಸು, ಡೀಸೆಲ್ಲು, ವಿಭೂತಿ ಎಲ್ಲ ಬಂದ ಹಾಗಾಯಿತು... ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಅಂಗಡಿ ಕಾಕು ನೆನಪಾದರು.

ಎಂಬತ್ತರ ದಶಕದಲ್ಲಿ ಆಳಂದದ ನಮ್ಮ ಮನೆಗೆ ಹೊಂದಿಕೊಂಡೇ ಅವರ ಅಂಗಡಿ ಇತ್ತು. ಬಾವಿಯ ನೀರೆತ್ತುವ ಡೀಸೆಲ್ ಎಂಜಿನ್ನು, ಅದರ ಬಿಡಿಭಾಗಗಳ ವ್ಯಾಪಾರ. ಗಂಡ ತೀರಿಕೊಂಡ ಮೇಲೆ ಅಂಗಡಿಗೆ ಬೀಗ ಬೀಳುತ್ತದೆ ಎಂದು ಕಾದವರೆಲ್ಲ ಕಾಯುತ್ತಲೇ ಉಳಿದರು. ಮಕ್ಕಳಿರಲಿಲ್ಲ. ತಲೆಯ ಮೇಲೆ ಸೆರಗು, ಹಣೆಗೆ ವಿಭೂತಿ, ಕೈಯಲ್ಲಿ ಎಣ್ಣೆ ಚಿಂದಿ. ಅಬ್ಬಾ, ಏನು ಅನುಮಾನದ ಹೆಂಗಸು! ಸೊಲ್ಲಾಪುರದಿಂದ ಬಂದ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕೇಳುವರು. ಹಾಲಿನವನು ಬಂದರೆ ಉಗುರಿನ ಮೇಲೆ ಹನಿ ಬಿಟ್ಟು ನೋಡುವರು. ಮಠದ ಪ್ರಸಾದವನ್ನೂ ಮೂಸಿಯೇ ಬಾಯಿಗೆ ಹಾಕುವರು. ಅಪ್ಪ ನಕ್ಕರೆ, "ಸ್ವಾಮಿಗೋಳ ಮ್ಯಾಲ ಶಕ್ ಇಲ್ಲ ಅಣ್ಣಾ, ತುಪ್ಪದ ಮ್ಯಾಲ ಅದ" ಅನ್ನುವರು.

ಒಂದು ವರ್ಷ ನಮ್ಮ ಸೀಮೆಯಲ್ಲೆಲ್ಲ ಹೆಚ್ಚು ಎಂಜಿನ್ನು ಮಾರಿದ್ದು ಕಾಕುವೇ. ಕಂಪನಿಯವರು ಜರ್ಮನಿಗೆ ಕಳಿಸುತ್ತೇವೆ ಅಂದರು. ಇಬ್ಬರಿಗೆ, ಪೂರಾ ಖರ್ಚು ಅವರದೇ. ಒಂದು ಕಾರ್ಖಾನೆ ನೋಡುವುದು, ಆಮೇಲೆ ಕಾರಿನಲ್ಲಿ ಮೂರು ಸಣ್ಣ ಊರು ತಿರುಗಿ ಬರುವುದು. ಯಾವ ಊರು ಅಂತ ಗೆದ್ದವರೇ ಆರಿಸಬೇಕು. ಕಂಪನಿಯ ಏಜಂಟ ಊರುಗಳ ಚಿತ್ರದ ಪುಸ್ತಕವೊಂದನ್ನು ಕೊಟ್ಟು ಹೋದ.

"ಪುಕ್ಕಟ ಯಾಕ ಒಯ್ತಾರ? ಏನೋ ಅದ ಇದರಾಗ" ಎಂದು ಕಾಕು ಆ ಪುಸ್ತಕವನ್ನೇ ಹಿಂದೆ ಮುಂದೆ ತಿರುವಿ ನೋಡಿದರು. ಆಮೇಲೆ ನನ್ನನ್ನು ಕರೆದರು. ನಾನಾಗ ಬಿ.ಎ. ಮುಗಿಸಿ ಮನೆಯಲ್ಲಿ ಕೂತವಳು. "ನೀ ಇಂಗ್ಲೀಷ್ ಓದೀದಿ. ಏನ್ ಬರದಾರ ಓದಿ ಹೇಳು. ನನ್ನ ಕೂಡ ನೀನೇ ನಡಿ ಬೇ" ಅಂದರು. ಮುಂಬಯಿಯನ್ನೂ ಕಾಣದ ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ನಾವಿಬ್ಬರೂ ಪುಸ್ತಕ ಹಿಡಿದು ಕೂಡುತ್ತಿದ್ದೆವು. ಕೆಂಪು ಹಂಚು, ಕಿಟಕಿಗೆಲ್ಲ ಹೂವಿನ ಕುಂಡ, ತೊಳೆದಿಟ್ಟಂಥ ಕಲ್ಲು ಹಾದಿ. ನಾನು ಪ್ರತಿ ಊರಿಗೂ ಮರುಳಾಗುತ್ತಿದ್ದೆ. ಕಾಕು ಕನ್ನಡಕ ಏರಿಸಿ, "ಮಂದಿ ಎಲ್ಲಿ?" ಅನ್ನುವರು.

"ಇಷ್ಟು ಮನಿ ಅವ. ಒಂದರ ಮುಂದರ ಅರಬಿ-ಬಟ್ಟಿ ಒಣ ಹಾಕ್ಯಾರೇನು ನೋಡು. ಇಲ್ಲಿ ಯಾರೂ ಜಳಕ ಮಾಡಂಗಿಲ್ಲೇನು? ಕೂಸಿನ ಲಂಗೋಟಿ ಸುದ್ದಾ ಇಲ್ಲ!"

"ಫೋಟೋ ಚಂದ ಬರ್ಲಿ ಅಂತ ತೆಗೆದಿಟ್ಟಿರ್ತಾರ್ರಿ ಕಾಕು."

"ಹಾಂ! ಮುಚ್ಚಿಡೋ ಊರಿಗಿ ನಾ ಯಾಕ ಹೋಗ್ಲಿ?"

ಅವರು ಊರು ಆರಿಸುತ್ತಿದ್ದ ರೀತಿ ನನಗೆ ನಿಧಾನಕ್ಕೆ ತಿಳಿಯಿತು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹಿರಿಯರು ಗಂಡಿನ ಮನೆ ನೋಡಲು ಹೋಗುತ್ತಾರೆ. ಗಂಡಸರು ಪಡಸಾಲೆಯಲ್ಲಿ ಕೂತು ಚೂಡಾ ತಿಂದು ಚಹಾ ಕುಡಿಯುತ್ತಿರುವಾಗ, ಹೆಂಗಸರಲ್ಲೊಬ್ಬರು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬರುತ್ತಾರೆ. ನಮ್ಮ ಓಣಿಯ ಎಷ್ಟೋ ಹುಡುಗಿಯರಿಗಾಗಿ ಹಾಗೆ ಕೈ ತೊಳೆದು ಬಂದವರು ಕಾಕು. ಜರ್ಮನಿಯಲ್ಲೂ ಅವರು ಹಿತ್ತಲನ್ನೇ ಹುಡುಕುತ್ತಿದ್ದರು.

ಪುಸ್ತಕ ಮುಗಿಯುತ್ತ ಬಂದಾಗ ಒಂದೇ ಒಂದು ಊರು ಪಾಸಾಯಿತು. ಇಕ್ಕಟ್ಟು ಓಣಿ. ಎರಡು ಕಿಟಕಿಗಳ ನಡುವೆ ಹಗ್ಗ, ಹಗ್ಗದ ಮೇಲೆ ದುಪ್ಪಟಿ, ಒಂದು ಗಂಡಸಿನ ಚಡ್ಡಿ. ಕೆಳಗೆ ಬೆಂಚಿನ ಮೇಲೆ ಒಬ್ಬ ಮುದುಕಿ, ಬಾಯಿ ತೆರೆದು, ಕೈ ಎತ್ತಿದ್ದಾಳೆ. "ಇದು!" ಎಂದು ಕಾಕು ಚಿತ್ರದ ಮೂಲೆಗೆ ಎಣ್ಣೆಗೈಯ ಬೆರಳು ಒತ್ತಿದರು. "ಮುದುಕಿ ಫೋಟೋದವನ್ನ ಬೈಯಾಕತ್ತಾಳ. ಇದು ಖರೇ ಊರು." ಬೆರಳಿನ ಗುರುತು ಅಲ್ಲೇ ಉಳಿಯಿತು. ಊರಿನ ಹೆಸರು ಓದಿದೆ, ನಾಲಿಗೆ ಹೊರಳಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಅದೇ ಹೊತ್ತಿಗೆ ಜೇವರ್ಗಿ ಕಡೆಯ ಒಂದು ಮನೆಯಿಂದ ನನಗೆ ಸಂಬಂಧ ಬಂತು. ಹುಡುಗ ಓದಿದವ, ನೋಡಲಿಕ್ಕೆ ಚೆಂದ. ಸುಳ್ಳೇಕೆ ಹೇಳಲಿ, ಅವನ ಫೋಟೋ ನನ್ನ ದಿಂಬಿನ ಕೆಳಗಿತ್ತು. ಆದರೆ ಅವರಿಗೆ ಲಗ್ನ ಬೇಸಿಗೆಯಲ್ಲೇ ಆಗಬೇಕು, ಕಾಕುವಿನ ಪ್ರವಾಸವೂ ಆಗಲೇ. ಮನೆ ನೋಡಲು ಅಪ್ಪ, ಅವ್ವ, ಕಾಕು ಮೂವರೂ ಹೋದರು.

ಸಂಜೆ ಬಂದ ಅವ್ವ ಹಿಗ್ಗಿ ಹೀರೇಕಾಯಿ ಆಗಿದ್ದಳು. ಮನೆಯೆಂದರೆ ಕನ್ನಡಿ ಅಂತೆ, ಒಂದು ಕಸ ಇಲ್ಲ, ಒಂದು ಗದ್ದಲ ಇಲ್ಲ. ಕಾಕು ನಮ್ಮ ಕಟ್ಟೆಯ ಮೇಲೆ ಕೂತು, "ಬ್ಯಾಡ ಅಣ್ಣಾ" ಅಂದರು.

"ಯಾಕ?" ಅಪ್ಪ ಕೇಳಿದ.

"ಹಿತ್ತಲದಾಗ ತಂತಿ ಅದ, ಒಂದು ಸೀರಿ ಇಲ್ಲ. ಮನ್ಯಾಗ ಇಬ್ರು ಸೊಸ್ತೇರು ಅದಾರ, ದನಿ ಇಲ್ಲ. ಎಷ್ಟು ಮಕ್ಕಳವ್ವಾ ಅಂತ ಕೇಳಿದ್ರ ಅತ್ತಿ ಮಾರಿ ನೋಡಿ ಹೇಳ್ತಾಳ."

ಅವರು ಎದ್ದು ಹೋದ ಮೇಲೆ ಅವ್ವ ದನಿ ತಗ್ಗಿಸಿದಳು. "ಪೋರಿ ಲಗ್ನ ಆದ್ರ ಆಕಿ ಕೂಡ ಜರ್ಮನಿಗಿ ಯಾರ್ ಹೋಗ್ತಾರ? ಅದಕ್ಕ ಕಲ್ಲು ಹಾಕಾಕತ್ತಾಳ."

ಆ ಮಾತು ನನ್ನೊಳಗೆ ಮುಳ್ಳಿನಂತೆ ಮುರಿದು ಕೂತಿತು. ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಬಹುದಿತ್ತಲ್ಲ? ಆದರೆ ಆ ಹೆಂಗಸು ಇನ್ಯಾರನ್ನು ನಂಬಿಯಾಳು! ಕಾಕು ಕೊಟ್ಟ ಚಹಾ, ಕಟ್ಟಿಸಿದ ಮಲ್ಲಿಗೆ ಎಲ್ಲದರ ಹಿಂದೆಯೂ ಏನೋ ಇತ್ತು ಅನ್ನಿಸತೊಡಗಿತು. ನೆಟ್ಟಗೆ ಹೋಗಿ ಕೇಳಿಯೇ ಬಿಟ್ಟೆ. "ಕಾಕು, ಖರೇ ಹೇಳ್ರಿ. ನಿಮಗ ಆ ಮನಿ ಬ್ಯಾಡೋ, ನಾ ಹೋಗೋದು ಬ್ಯಾಡೋ?"

ಕಾಕು ಬೇರಿಂಗನ್ನು ಕಿವಿಗೆ ಹಿಡಿದು ತಿರುಗಿಸುತ್ತಲೇ ಇದ್ದರು. ಸಿಕ್ಕಿಬಿದ್ದಳು ಅಂದುಕೊಂಡೆ. ಅಂಗಡಿಗೆ ಹೋಗುವುದನ್ನೇ ಬಿಟ್ಟೆ.

ಊರುಗಳ ಹೆಸರು ಬರೆದುಕೊಳ್ಳಲು ಏಜಂಟ ಬಂದ ದಿನ ಕಾಕು ಅಪ್ಪನಿಗೆ ಹೇಳಿ ಕಳಿಸಿದರು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ನಾ ಬರಂಗಿಲ್ರಿ. ಆಳಂದದಿಂದ ಯಾರೂ ಬರಂಗಿಲ್ಲ. ಹಂಗ ಬರ್ಕೊಳ್ರಿ" ಎಂದು ಕಾಕು ಪುಸ್ತಕವನ್ನು ಅವನ ಕಡೆ ಸರಿಸಿದರು.

ಏಜಂಟ ಗಾಬರಿಯಾದ. "ಅಕ್ಕಾರ, ಪಾಸ್‌ಪೋರ್ಟ್ ಸುದ್ದಾ ಬಂದದಲ್ರಿ!"

"ಇರ್ಲಿ." ಕಾಕು ಅಪ್ಪನ ಕಡೆ ತಿರುಗಿದರು. "ಅಣ್ಣಾ, ಈಗ ನನಗ ಜರ್ಮನಿ ಇಲ್ಲ. ಪೋರಿ ಇಲ್ಲಿದ್ರೂ ಅಷ್ಟ, ಲಗ್ನ ಆಗಿ ಹೋದ್ರೂ ಅಷ್ಟ, ನನಗೇನೂ ಫಾಯದಾ ಇಲ್ಲ. ಈಗ ಹೇಳ್ತೇನಿ ಕೇಳ್ರಿ. ಆ ಮನಿ ಬ್ಯಾಡ."

ಅಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಎದ್ದು ಬಂದ. ಮರುದಿನ ಜೇವರ್ಗಿ ಕಡೆಗೆ ಬೇಡವೆಂದು ಹೇಳಿ ಕಳಿಸಿದ.

ನಾನು ಅತ್ತೆ, ಸಿಟ್ಟಾದೆ. ಆಗಲೂ ಅನುಮಾನ ಹೋಗಿರಲಿಲ್ಲ. ವಿಮಾನಕ್ಕೆ ಹೆದರಿ ನೆಪ ಹುಡುಕಿದಳೇ ಈಕೆ? ಬಜಾರಿನಲ್ಲೂ ಜನ ಅದನ್ನೇ ಆಡಿಕೊಂಡರು. ಆದರೆ ಪುಸ್ತಕ ಹಿಂತಿರುಗಿಸುವಾಗ ಕಾಕು ಆ ಮುದುಕಿಯ ಚಿತ್ರದ ಹಾಳೆಯೊಂದನ್ನು ಕೇಳಿ ಹರಿಸಿಕೊಂಡಿದ್ದರು. ಗಲ್ಲಾದ ಎದುರು ದೇವರ ಫೋಟೋದ ಪಕ್ಕಕ್ಕೆ ಅದನ್ನು ಹಚ್ಚಿದರು. ಬೆಳಿಗ್ಗೆ ದೇವರನ್ನು ಒರೆಸಿ ಆಮೇಲೆ ಅದನ್ನು ಒರೆಸುವರು. ಒಂದು ದಿನ ರಸ್ತೆಯ ಆಚೆಯಿಂದ ನೋಡಿದೆ. ಗಿರಾಕಿ ಕಾಯುತ್ತಿದ್ದರೂ ಕಾಕು ಚಿಂದಿ ಹಿಡಿದು ಆ ಹಾಳೆಯ ಮುಂದೆ ನಿಂತೇ ಇದ್ದರು. ಆ ಮುದುಕಿಗೆ ಏನೋ ಹೇಳುತ್ತಿದ್ದರು...  ಹೋಗುವ ಆಸೆ ಅವರಿಗೆ ನನಗಿಂತ ಹೆಚ್ಚಿತ್ತು.

ಆ ಮನೆ ನಿಜವಾಗಿ ಕೆಟ್ಟದ್ದಿತ್ತೇ? ನನಗೆ ಇಂದಿಗೂ ಗೊತ್ತಿಲ್ಲ. ಆ ಹುಡುಗನಿಗೆ ಬೇರೆ ಕಡೆ ಲಗ್ನವಾಯಿತು, ಅಷ್ಟೇ ಕೇಳಿದ್ದು. ಮುಂದೆ ಅಫಜಲಪುರದ ಸಂಬಂಧ ಬಂದಾಗಲೂ ಕಾಕು ಕೈ ತೊಳೆಯಲು ಹಿತ್ತಲಿಗೆ ಹೋದರು. ಅಲ್ಲಿ ತಂತಿಯ ತುಂಬ ಬಟ್ಟೆ, ಅಡುಗೆಮನೆಯಲ್ಲಿ ಅತ್ತೆ ಸೊಸೆ ಉಪ್ಪಿನಕಾಯಿ ಭರಣಿಗಾಗಿ ಜೋರಾಗಿ ಜಗಳ ಹಚ್ಚಿದ್ದರಂತೆ. ಬಂದವರೇ, "ಚಲೋ ಮನಿ. ಸೊಸಿ ಅತ್ತಿಗಿ ತಿರುಗಿ ಅಂತಾಳ" ಅಂದರು. ಅದೇ ಮನೆಯ ಸೊಸೆಯಾಗಿ ನಾನೂ ತಿರುಗಿ ಅನ್ನುತ್ತಲೇ ಬಾಳಿದ್ದೇನೆ.

ಕಾಕು ಹೋಗಿ ಎಷ್ಟೋ ಕಾಲವಾಯಿತು. ಪಾಸ್‌ಪೋರ್ಟಿಗೆ ಒಂದು ಠಸ್ಸೆಯೂ ಬೀಳಲಿಲ್ಲ. ಅಂಗಡಿಗೆ ಸುಣ್ಣ ಬಳಿದವರು ಆ ಹಾಳೆಯನ್ನು ಏನು ಮಾಡಿದರೋ. ನನ್ನ ಗೆಳತಿಯರು ಎರಡು ಊರು ಆರಿಸಿ ಕೂತಿದ್ದಾರೆ, ಮೂರನೆಯದು ನನ್ನದು. ಆ ಊರಿನ ಹೆಸರು ಎಷ್ಟು ನೆನೆದರೂ ಬರುತ್ತಿಲ್ಲ, ಓದಿದವಳು ನಾನೇ... "ಮನಿ ಮುಂದ ಅರಬಿ ಒಣ ಹಾಕಿದ ಊರು ಯಾವುದರ ಅದನೇನು?" ಎಂದು ಟ್ರಾವೆಲ್ಸ್‌ನವನನ್ನು ಕೇಳಿದೆ. ನಕ್ಕುಬಿಟ್ಟ. ಒಂದೊಂದೇ ಪುಟ ತಿರುವುತ್ತಿದ್ದೇನೆ. ಕೆಂಪು ಹಂಚು, ಹೂವಿನ ಕುಂಡ, ತೊಳೆದಿಟ್ಟ ಹಾದಿ. ಯಾವ ಹಾಳೆಯ ಮೂಲೆಯಲ್ಲೂ ಎಣ್ಣೆಗೈಯ ಗುರುತಿಲ್ಲ.