ನಾಲ್ಕು ಮೀಟರ್ ನಡಿಗೆ

ಮಧ್ಯಾಹ್ನದ ಬಸ್ಸಿನಲ್ಲಿ ಕಣ್ಣು ಎಳೆಯತೊಡಗಿದರೆ ನನಗೆ ಈಗಲೂ ಮುದುಕರು ನಡೆಯುವುದು ಕಾಣುತ್ತದೆ. ಒಬ್ಬರ ಹಿಂದೆ ಒಬ್ಬರು, ಸೀಮೆಸುಣ್ಣದ ಒಂದು ಗೆರೆಯಿಂದ ಇನ್ನೊಂದು ಗೆರೆಗೆ. ಯಾರೂ ಮಾತಾಡುವುದಿಲ್ಲ, ಯಾರಿಗೂ ಅವಸರವಿಲ್ಲ. ಹಡಗಲಿಯಲ್ಲಿ ಯಾರಾದರೂ ಹೂವಿನ ಬುಟ್ಟಿ ಹತ್ತಿಸಿದ್ದರೆ ಆ ನಡಿಗೆಗೆ ಮಲ್ಲಿಗೆಯ ವಾಸನೆಯೂ ಸೇರಿಕೊಳ್ಳುತ್ತದೆ. ಕಂಡಕ್ಟರ್ ಊರಿನ ಹೆಸರು ಕೂಗಿದಾಗ ಎಚ್ಚರವಾಗುತ್ತದೆ, ಎಷ್ಟೋ ಸಲ ನನ್ನ ಊರು ದಾಟಿಹೋಗಿರುತ್ತದೆ.

ಒಂದು ಆರೋಗ್ಯ ಸಮೀಕ್ಷೆಗಾಗಿ, ಮನುಷ್ಯರಿಗೆ ವಯಸ್ಸಾಗುವುದನ್ನು ಅಳೆಯಲು ಕಲಿಸುವುದು ನನ್ನ ಕೆಲಸ. ಕೈಯ ಹಿಡಿತ ಎಷ್ಟು ಗಟ್ಟಿ, ಕುರ್ಚಿಯಿಂದ ಏಳಲು ಎಷ್ಟು ಹೊತ್ತು, ನಾಲ್ಕು ಮೀಟರ್ ನಡೆಯಲು ಎಷ್ಟು ಸೆಕೆಂಡು. ಕೂಡ್ಲಿಗಿಯಲ್ಲಿ ಒಬ್ಬ ಯಜಮಾನರು, ವಯಸ್ಸು ಆಧಾರ್ ಕಾರ್ಡಿನಲ್ಲೇ ಇದೆಯಲ್ಲ, ಮತ್ತೇನು ಅಳೆಯುತ್ತೀರಿ ಎಂದು ನಕ್ಕಿದ್ದರು. ಅವರ ಕಾರ್ಡು ನೋಡಿದೆ. ಜನವರಿ ಒಂದನೇ ತಾರೀಖು. ಅವರ ಹೆಂಡತಿಯದೂ ಅದೇ, ಪಕ್ಕದ ಮನೆಯವರದೂ ಅದೇ. ಆ ಓಣಿಯ ಹಿರಿಯರೆಲ್ಲ ಒಂದೇ ದಿನ ಹುಟ್ಟಿದ್ದರು. ಹೀಗಾಗಿ ನಾವು ಕಾರ್ಡನ್ನು ಬಿಟ್ಟು ಕಾಲನ್ನು ನಂಬುತ್ತೇವೆ.

ಆದರೆ ಕಾಲನ್ನು ನಂಬಬೇಕಾದರೆ ಅಳೆಯುವವರನ್ನೂ ನಂಬಬೇಕು. ಒಬ್ಬ ಅಜ್ಜಿಯನ್ನು ಇಬ್ಬರು ಬೇರೆ ಬೇರೆಯಾಗಿ ಅಳೆದರೂ ಹೆಚ್ಚುಕಡಿಮೆ ಅದೇ ಅಂಕಿ ಬರಬೇಕು. ಇಲ್ಲದಿದ್ದರೆ ವರ್ಷ ಬಿಟ್ಟು ಹೋದಾಗ ಬದಲಾದದ್ದು ಅಜ್ಜಿಯೋ ನಾವೋ ಗೊತ್ತಾಗುವುದಿಲ್ಲ. ಅದಕ್ಕೇ ಹಿರಿಯರಿಗೆ ಏನು ಹೇಳಬೇಕು ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆವು. ನಡಿಗೆಗೆ ಇದ್ದದ್ದು ಒಂದೇ ಸಾಲು: ಅಂಗಡಿಗೆ ಹೋದಂಗ ನಡೀರಿ. ಬರೆದವಳು ನಾನೇ. ಆ ಹಾಳೆಯ ಬಗ್ಗೆ ನನಗೆ ಜಂಬ ಇತ್ತು, ಬಾಯಿಯೂ ಜೋರಿತ್ತು. ಯಾರಾದರೂ ಒಂದು ಪದ ಆಚೀಚೆ ಮಾಡಿದರೆ ಹರಿಹಾಯುತ್ತಿದ್ದೆ.

ಕೊಟ್ಟೂರಿನ ಸಮುದಾಯ ಭವನದಲ್ಲಿ ಆರು ಮಂದಿಗೆ ತರಬೇತಿ ಇತ್ತು. ಅವರಲ್ಲಿ ಒಬ್ಬಳು ಬೈಕ್ ರಿಪೇರಿ ಮಾಡುವವರ ಮಗಳು. ಮೊದಲ ದಿನ ಅವಳ ಅಬ್ಬಾ ಗ್ಯಾರೇಜಿಗೆ ಬೀಗ ಹಾಕಿ ಬಂದು ಬಿಟ್ಟುಹೋಗಿದ್ದರು. ಆ ಮನೆಯಲ್ಲಿ ತಿಂಗಳ ಸಂಬಳದ ಕೆಲಸ ಅಂತ ಸಿಗುವುದಿದ್ದರೆ ಇದೇ ಮೊದಲು, ಅದೂ ತರಬೇತಿಯಲ್ಲಿ ಪಾಸಾದರೆ. ಪಾಸು ಮಾಡುವವಳು ನಾನು.

ಕಾನಹೊಸಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ ನಮಗೋಸ್ಕರ ನಡೆಯಲು ಒಪ್ಪಿದ್ದರು. ಮೊದಲು ನಾನು ಎಲ್ಲರ ಎದುರು ಅಳೆದು ತೋರಿಸಿದೆ. ಆಮೇಲೆ ಆರು ಮಂದಿಯೂ ಒಬ್ಬೊಬ್ಬರಾಗಿ ಒಳಗೆ ಹೋಗಿ ಅಳೆದರು, ನಡುವೆ ಅಜ್ಜಿಗೆ ಚಹಾ, ಸ್ವಲ್ಪ ವಿಶ್ರಾಂತಿ. ಐದು ಮಂದಿಯ ಅಂಕಿ ನನ್ನದಕ್ಕೆ ತಾಳೆಯಾಯಿತು. ಈ ಹುಡುಗಿಯದು ಮಾತ್ರ ಎರಡು ಸೆಕೆಂಡು ಕಡಿಮೆ. ಮತ್ತೆ ಅಳೆಯಲು ಹೇಳಿದೆ. ಮತ್ತೆ ಅಷ್ಟೇ.

ಊಟದ ಹೊತ್ತಿಗೆ ಅವಳನ್ನು ಪಕ್ಕಕ್ಕೆ ಕರೆದು, ಅಳೆಯದೆ ಮನಸ್ಸಿಗೆ ಬಂದದ್ದು ಬರೆದಿದ್ದೀಯಾ ಎಂದು ನೇರವಾಗಿ ಕೇಳಿದೆ. ನಾಳೆಯಿಂದ ಬರುವುದು ಬೇಡ ಎಂದೂ ಹೇಳಿಬಿಟ್ಟೆ. ಅವಳು ಅಳಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ನೀಟಾಗಿ ಮಡಿಚಿದಳು.

“ಹಾಳ್ಯಾಗ ಇದ್ದಷ್ಟ ಓದೀನ್ರಿ ಮೇಡಂ,” ಎಂದಳು. “ಸುಳ್ಳು ಬರದಿಲ್ರಿ. ಬೇಕಾದ್ರ ಇಬ್ರೂ ಕೂಡೇ ಇನ್ನೊಂದ್ಸಲ ನೋಡೂಣ್ರಿ.”

ಹೊರಗೆ ಬಿಸಿಲು ಬೆಳ್ಳಗೆ ನಿಂತಿತ್ತು. ಭವನದ ಒಳಗೆ ಉಳಿದ ಐವರೂ ಗೋಡೆಗೆ ಒರಗಿ ನೋಡುತ್ತಿದ್ದರು. ಅಜ್ಜಿ ಗೆರೆಯ ಮೇಲೆ ಬಂದು ನಿಂತರು. ನಾನು ಗಡಿಯಾರ ಹಿಡಿದು ಹಾಳೆಯ ಸಾಲು ಹೇಳಿದೆ. ಅವರು ತೇಲಿಕೊಂಡು ಬಂದಂತೆ ಮೆಲ್ಲಗೆ ಬಂದರು. ಹುಡುಗಿ ತನ್ನ ಸರದಿಯಲ್ಲಿ ಅದೇ ಸಾಲು ಹೇಳಿದಳು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಸರಸರ ನಡೆದರು. ಮತ್ತೆ ಎರಡು ಸೆಕೆಂಡು ಕಡಿಮೆ. ನಾನು ಎರಡೂ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದೆ. ಒಂದೇ ಅಜ್ಜಿ, ಒಂದೇ ನೆಲ. ಎರಡು ಬೇರೆ ಬೇರೆ ವಯಸ್ಸು ಎದುರಿಗೇ ನಡೆದುಹೋಗಿದ್ದವು.

ಅಜ್ಜಿಗೆ ನಮ್ಮಿಬ್ಬರ ಮುಖ ನೋಡಿ ನಗು ಬಂತು.

“ನೀ ನಿಧಾನಕ್ಕ ಬರ್ರಿ ಅಂತಿಯವ್ವ, ನಿಧಾನಕ್ಕ ಬರ್ತೀನಿ. ಈ ಹುಡುಗಿ ಅಂಗಡಿಗೆ ಹೋದಂಗ ನಡೀರಿ ಅಂತಾಳ, ಹಂಗ ನಡೀತೀನಿ. ನಿಮಗ ಯಾವ್ದು ಬೇಕು ಅಂತ ಮೊದಲ ಹೇಳಬಾರ್ದೇನು?”

ನಾನು ಹಾಗೆ ಅನ್ನಲೇ ಇಲ್ಲ ಎಂದೆ. ಉಳಿದ ಐವರಲ್ಲಿ ಒಬ್ಬಳು ಮೆಲ್ಲಗೆ, ಪ್ರತಿ ಸಲವೂ ಅಂದಿದ್ದೀರಿ, ಅದನ್ನು ಕೇಳಿ ನಾವೂ ಅಂದೆವು ಎಂದಳು.

ನಮ್ಮ ಕಡೆ ಅದು ಮಾತೇ ಅಲ್ಲ, ಉಸಿರು. ಹಿರಿಯರು ಎದ್ದರೆ ಸಾಕು, ಬಾಯಿ ತಾನೇ ಅನ್ನುತ್ತದೆ: ನಿಧಾನಕ್ಕ ಬರ್ರಿ. ಬಸ್ಸು ಇಳಿಯುವವರಿಗೆ, ಹೊಸ್ತಿಲು ದಾಟುವವರಿಗೆ, ಆಸ್ಪತ್ರೆಯ ಮೆಟ್ಟಿಲಲ್ಲಿ ಗುರುತಿಲ್ಲದವರಿಗೂ ಅನ್ನುತ್ತೇವೆ. ಹಾಳೆಯ ಸಾಲು ಮುಗಿದ ಮೇಲೆ ಅದನ್ನು ನಾನು ಬಾಲದಂತೆ ಅಂಟಿಸುತ್ತಿದ್ದೆ, ನನಗೇ ಕೇಳಿಸಿರಲಿಲ್ಲ. ಐದು ಮಂದಿಯ ಅಂಕಿ ನನ್ನದಕ್ಕೆ ತಾಳೆಯಾಗಿದ್ದು ನಾವೆಲ್ಲ ಸರಿ ಇದ್ದೆವು ಅಂತಲ್ಲ, ಎಲ್ಲರೂ ಒಂದೇ ತಪ್ಪು ಮಾಡಿದ್ದೆವು ಅಂತ.

ಬೇಸಿಗೆಯಿಡೀ ನಾನೊಬ್ಬಳೇ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿ ಅಳೆದುಕೊಂಡು ಬಂದಿದ್ದೆ. ಹಲವಾಗಲಿನಲ್ಲಿ ಹೊಳೆಯ ಗಾಳಿಗೆ ಪಂಚೆ ಹಿಡಿದುಕೊಂಡು ನಡೆದ ತಾತನಿಗೂ ಹಾಗೇ ಅಂದಿರಬೇಕು. ಉಚ್ಚಂಗಿದುರ್ಗದಲ್ಲಿ ದಿನಾ ಗುಡ್ಡದ ಮೆಟ್ಟಿಲು ಹತ್ತುವ ಅಜ್ಜಿಯೂ ನನ್ನ ಪುಸ್ತಕದಲ್ಲಿ ಕಾಲೆಳೆಯುವವಳಾಗಿದ್ದಳು. ಅಷ್ಟೂ ಮುದುಕರನ್ನು ನಿಧಾನ ಮಾಡಿದವಳು ನಾನು. ಬಸ್ಸಿನ ಮಂಪರಿನಲ್ಲಿ ಸಾಲಾಗಿ ಬರುವವರು ಅವರೇ.

ಮಧ್ಯಾಹ್ನ ಎಲ್ಲರ ಎದುರು, ತಪ್ಪು ನನ್ನದು, ಈ ಹುಡುಗಿಯ ಅಂಕಿಯೊಂದೇ ಸರಿ ಎಂದು ಹೇಳಿದೆ. ನಡಿಗೆಯ ಪುಟಗಳಿಗೆಲ್ಲ ಅಡ್ಡ ಗೆರೆ ಎಳೆದು, ಯಾಕೆ ಎಳೆದೆ ಎಂದು ಬರೆದು ಮೇಲಿನವರಿಗೆ ಕಳಿಸಿದೆ. ಉಳಿದ ಮೂರು ದಿನ ಆ ಸಾಲನ್ನು ಹೇಗೆ ಓದಬೇಕೆಂದು ನಮಗೆಲ್ಲ ಕಲಿಸಿದವಳು ಅವಳು. ಸಾಲು ಮುಗಿದ ತಕ್ಷಣ ತುಟಿ ಮುಚ್ಚಬೇಕು, ಅಷ್ಟೇ. ಅದಕ್ಕಿಂತ ಕಷ್ಟದ್ದು ನಾನು ಕಲಿತಿಲ್ಲ.

ಕೊನೆಯ ದಿನ ಅವಳ ಹೆಸರನ್ನು ಪಾಸಾದವರ ಪಟ್ಟಿಯ ಮೊದಲಿಗೆ ಬರೆದು, ಚೀಲ ಹೆಗಲಿಗೇರಿಸಿ ಹೊರಟೆ. ಭವನದ ಮೆಟ್ಟಿಲು ಎತ್ತರ. ಬಸ್ಸಿನ ಹೊತ್ತಾಗಿತ್ತು, ಎಂದಿನ ಹಾಗೆ ದಡದಡ ಇಳಿಯತೊಡಗಿದೆ. ಮೇಲೆ ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತಿದ್ದವಳು ನನ್ನನ್ನೇ ನೋಡುತ್ತಿದ್ದಳು.

“ನಿಧಾನಕ್ಕ ಬರ್ರಿ ಮೇಡಂ,” ಎಂದಳು.

ಆ ಭವನದಲ್ಲಿ ಯಾರಿಗೂ ಅನ್ನದ ಮಾತನ್ನು ನನಗೆ ಅಂದಿದ್ದಳು. ನಾನು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದೆ.