ಕೇರುಬೀಜದ ಮೂರು ಚುಕ್ಕೆ

ಕರಜಗಿಯ ಅಗಸರ ಮನೆಗೆ ಸೊಸೆಯಾಗಿ ಬಂದ ಸಕ್ಕುಬಾಯಿಗೆ ಬಟ್ಟೆ ಒಗೆಯುವುದು ಹೊಸದಲ್ಲ. ತವರು ಅತನೂರಿನಲ್ಲೂ ಅದೇ ಕಸುಬು. ಆದರೆ ಅಲ್ಲಿ ಯಾರ ಬಟ್ಟೆ ಯಾವುದೆಂದು ತಿಳಿಯಲು ಅಂಚಿಗೊಂದು ಬಣ್ಣದ ದಾರ ಹಾಕುತ್ತಿದ್ದರು. ಇಲ್ಲಿ ಕೇರುಬೀಜಕ್ಕೆ ಸೂಜಿ ಚುಚ್ಚಿ, ಒಸರಿದ ಕಪ್ಪು ಎಣ್ಣೆಯಿಂದ ಚುಕ್ಕೆ ಇಡಬೇಕು. ಗೌಡರ ಧೋತರಕ್ಕೆ ಎರಡು, ಅಮೀನರ ಶೇರವಾನಿಗೆ ಮೂರು. ಬಟ್ಟೆ ಚಿಂದಿಯಾದರೂ ಚುಕ್ಕೆ ಹೋಗದು ಎಂದು ಅತ್ತೆ ಗೌರಾಬಾಯಿಗೆ ಎಲ್ಲಿಲ್ಲದ ಹೆಮ್ಮೆ. ದಾರವೆಂದರೆ ಮೂಗು ಮುರಿಯುವಳು.

ಚುಕ್ಕೆ ಇಟ್ಟ ಮರುದಿನ ಸಕ್ಕುಬಾಯಿಯ ಕೈತುಂಬ ಗುಳ್ಳೆ ಏಳುತ್ತಿದ್ದವು, ಮುಖ ಊದಿ ಕಣ್ಣು ಮುಚ್ಚಿಹೋಗುತ್ತಿತ್ತು. ಅದೇ ಎಣ್ಣೆ ಮುಟ್ಟಿ ಮುಟ್ಟಿ ಮುದುಕಿಯಾದ ಅತ್ತೆಗೆ ಏನೂ ಆಗಿರಲಿಲ್ಲ. ಹಾಗಾಗಿ ಸೊಸೆಯದು ಒಂದೋ ಮೈಗಳ್ಳತನ, ಇಲ್ಲವೇ ರೋಗ. ಬೇರೇನೂ ಆಕೆಯ ತಲೆಗೆ ಹೊಳೆಯಲೇ ಇಲ್ಲ.

“ಇನ್ನೊಮ್ಮೆ ಮಾರಿ ಬಾತರ ಅತನೂರಿಗೆ ಕಳಿಸಿಬಿಡ್ತೇನಿ ನೋಡಬೇ. ಮಹಾರೋಗ ಅಂತ ಊರಾಗ ಸುದ್ದಿ ಆದ್ರ ನಮಗ ಬಟ್ಟಿ ಯಾರು ಕೊಡ್ತಾರ?”

ಗಂಡ ಹುಲೆಪ್ಪ ಅವ್ವನ ಮಾತಿಗೆ ಎದುರಾಡಿದವನಲ್ಲ, ಪುಣ್ಯಾತ್ಮ. ತವರಿನಲ್ಲಿ ಅಪ್ಪ ಅವ್ವ ಉಳಿದಿರಲಿಲ್ಲ. ಅತ್ತಿಗೆ ಒಳಗೆ ಕರೆಯುವುದೇ ಅನುಮಾನ. ಸಕ್ಕುಬಾಯಿ ಸೆರಗು ಮುಂದೆಳೆದುಕೊಂಡು ದುಡಿದಳು. ತುರಿಸಿಕೊಳ್ಳಲೂ ಹೆದರಿಕೆ. ಸಾಕಾಗಿತ್ತು, ಸಾಕು ಎನ್ನುವುದೂ ಸಾಕಾಗಿತ್ತು.

ಒಂದು ಸಂಜೆ ಬಟ್ಟೆಗಂಟು ಇಳಿಸುವಾಗ ಬೆನ್ನು ಹಿಡಿದು “ಯವ್ವಾ” ಎಂದು ಕುಸಿದಳು. ಗೌರಾಬಾಯಿ ಓಡಿಬಂದು ಹಿಡಿದುಕೊಂಡಳು. ಎಷ್ಟೆಂದರೂ ಕೆಟ್ಟ ಹೆಂಗಸಲ್ಲ. ಬೆನ್ನುನೋವಿಗೆ ಆ ಮನೆಯಲ್ಲಿ ಇದ್ದದ್ದು ಒಂದೇ ಮದ್ದು: ಕೇರುಬೀಜ ಕಾಯಿಸಿ ಚುಕ್ಕೆ ಇಡುವುದು.

“ಬ್ಯಾಡ್ರಿ ಅತ್ತೀ, ನನಗ ಅದು ಆಗಂಗಿಲ್ರಿ.”

“ಸುಮ್ಮನಿರಬೇ, ನಾಳಿಗಿ ಆರಾಮ ಆಗ್ತದ.”

ಪ್ರೀತಿಯಿಂದಲೇ ಮೂರು ಚುಕ್ಕೆ ಇಟ್ಟಳು.

ಬೆಳಗಾಗುವಷ್ಟರಲ್ಲಿ ಬೆನ್ನೆಲ್ಲ ಬೊಬ್ಬೆ. ತುಟಿ, ಗಂಟಲು ಊದಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬೊಬ್ಬೆ ಹಬ್ಬಿದ್ದು ಆ ಮೂರು ಚುಕ್ಕೆಗಳ ಸುತ್ತಲಿಂದಲೇ. ತನ್ನ ಕೈಯ ಗುರುತು ತನಗೆ ತಿಳಿಯದೇ? ಗೌರಾಬಾಯಿ ಕೊಬ್ಬರಿ ಎಣ್ಣೆ ಸವರುತ್ತ, ಸೊಸೆಯ ಉಸಿರು ಎಣಿಸುತ್ತ ಅತ್ತಳು.

ಉಸಿರು ಹದಕ್ಕೆ ಬಂದ ದಿನ ಆಕೆ ಬೀಜವನ್ನೆಲ್ಲ ತಿಪ್ಪೆಗೆ ಸುರಿದು ಬಂದು, ಸೂಜಿ ಮತ್ತು ಕೆಂಪು ದಾರ ಹಿಡಿದು ಸಕ್ಕುಬಾಯಿಯ ಪಕ್ಕ ಕೂತಳು.

“ನೀ ಎಲ್ಲಿಗೂ ಹೋಗೂದು ಬ್ಯಾಡ. ನಿಮ್ಮ ಅತನೂರಾಗ ದಾರ ಹೆಂಗ ಹಾಕ್ತಿದ್ರು, ತೋರ್ಸವಾ.”

ಮುದುಕಿಯ ಕಣ್ಣಿಗೆ ಸೂಜಿಯ ತೂತು ಕಾಣದು. ಸಕ್ಕುಬಾಯಿಯ ಊದಿದ ಕಣ್ಣಿಗೂ ಕಾಣದು. ಒಬ್ಬರ ಕೈಯಿಂದ ಒಬ್ಬರು ಸೂಜಿ ತೆಗೆದುಕೊಳ್ಳುತ್ತ ಇಬ್ಬರೂ ಬಾಗಿಲ ಬೆಳಕಿನಲ್ಲಿ ಕೂತೇ ಇದ್ದರು.